ಹೆಸರಿನ ಜಾಗದಲ್ಲಿ ಯಾರ ಹೆಸರು?

ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣ ತನ್ನ ವಚನಗಳ ಕೊನೆಗೆ ಇಟ್ಟ ಹೆಸರಿನ ಬಗ್ಗೆ 2017ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಡಬೇಕಾಯಿತು. ಮಾತೆ ಮಹಾದೇವಿಯವರ ‘ಬಸವ ವಚನ ದೀಪ್ತಿ’ಯಲ್ಲಿ ‘ಕೂಡಲಸಂಗಮದೇವ’ ಎಂದಿದ್ದ ಕಡೆ ‘ಲಿಂಗದೇವ’ ಎಂದು ತಿದ್ದಲಾಗಿತ್ತು. ಶರಣ ಪರಂಪರೆಯ ಭಕ್ತರು, ವಿದ್ವಾಂಸರು ಸಿಡಿದೆದ್ದರು. 1998ರಲ್ಲಿ ರಾಜ್ಯ ಸರ್ಕಾರ ಪುಸ್ತಕವನ್ನು ನಿಷೇಧಿಸಿತು. ಸುಮಾರು ಎರಡು ದಶಕ ನ್ಯಾಯಾಲಯಗಳಲ್ಲಿ ಸುತ್ತಾಡಿದ ಮೇಲೆ ಆ ನಿಷೇಧವೇ ಗಟ್ಟಿಯಾಯಿತು. ವಚನದ ಮಿಕ್ಕ ಮಾತುಗಳ ಬಗ್ಗೆ ಜಗಳವಿರಲಿಲ್ಲ. ಕೊನೆಯ ಒಂದು ಪದಕ್ಕಾಗಿ ಇಷ್ಟು ದೊಡ್ಡ ವ್ಯಾಜ್ಯ ನಡೆದದ್ದು ಕನ್ನಡದಲ್ಲಿ ಬರೆದವರ ಹೆಸರಿಗೆ ಎಂಥ ತೂಕವಿದೆ ಎಂಬುದಕ್ಕೆ ಸಾಕ್ಷಿ.

ಅದು ಬರೆದವನ ಹೆಸರೂ ಅಲ್ಲ, ಅವನ ದೇವರ ಹೆಸರು. ಬಸವಣ್ಣನಿಗೆ ಕೂಡಲಸಂಗಮದೇವ, ಅಲ್ಲಮನಿಗೆ ಗುಹೇಶ್ವರ, ಅಕ್ಕಮಹಾದೇವಿಗೆ ಚೆನ್ನಮಲ್ಲಿಕಾರ್ಜುನ, ಜೇಡರ ದಾಸಿಮಯ್ಯನಿಗೆ ರಾಮನಾಥ. ಅಂಕಿತ, ಮುದ್ರಿಕೆ ಎಂದು ಕರೆಯುವ ಈ ಪದ್ಧತಿಯಲ್ಲಿ ಕವಿ ತನ್ನನ್ನು ಹಿಂದಕ್ಕೆ ಸರಿಸಿ ತನ್ನ ಜಾಗದಲ್ಲಿ ಇಷ್ಟದೈವವನ್ನು ನಿಲ್ಲಿಸುತ್ತಾನೆ. ಆದರೂ ಆ ಹೆಸರು ನೋಡಿದೊಡನೆ ಬರೆದವರು ಯಾರೆಂದು ಗೊತ್ತಾಗುತ್ತದೆ. ವಿಜಯಪುರದ ವಕೀಲ ಫ. ಗು. ಹಳಕಟ್ಟಿಯವರು ಮನೆಮನೆ, ಮಠಮಠ ತಿರುಗಿ ತಾಳೆಗರಿಗಳನ್ನು ಕೂಡಿಸಿ 1923ರಲ್ಲಿ ‘ವಚನ ಶಾಸ್ತ್ರ ಸಾರ’ದ ಮೊದಲ ಭಾಗ ಹೊರತಂದಾಗ, ಚೆಲ್ಲಾಪಿಲ್ಲಿಯಾಗಿದ್ದ ವಚನಗಳಲ್ಲಿ ಯಾವುದು ಯಾರದೆಂದು ಹೇಳುವ ದೊಡ್ಡ ಆಧಾರ ಈ ಅಂಕಿತವೇ ಆಗಿತ್ತು. ತನ್ನನ್ನು ಮರೆಸಿಕೊಳ್ಳಲೆಂದು ಇಟ್ಟ ಹೆಸರೇ ಕರ್ತೃವಿನ ಗುರುತಾಗಿ ಉಳಿಯಿತು.

ವಚನಕಾರರಿಗೂ ಹಿಂದೆ ಆಸ್ಥಾನದ ಚಂಪೂ ಕವಿಗಳಿಗೆ ಹೆಸರು ಮರೆಸುವ ಅಗತ್ಯವೇ ಇರಲಿಲ್ಲ. ಪಂಪ ತನ್ನ ಮನೆತನದ ಕಥೆಯನ್ನು ಕಾವ್ಯದೊಳಗೇ ಹೇಳಿಕೊಂಡ. ಮುಧೋಳದ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನ 993ರ ‘ಅಜಿತಪುರಾಣ’ದಲ್ಲಿ ತಂದೆ ತಾಯಿಯರ ಹೆಸರನ್ನೂ ದಾಖಲಿಸಿದ. ಆಶ್ರಯ ಕೊಟ್ಟ ದೊರೆಗೆ, ದಾನಿಗೆ ಕವಿ ಯಾರೆಂದು ತಿಳಿಯಬೇಕಿತ್ತು. ಶರಣರಿಗೆ ಅಂಥ ಒಡೆಯನಿರಲಿಲ್ಲ.

ಶರಣರ ಅಂಕಿತಗಳಲ್ಲಿ ಕಸುಬಿನ ವಾಸನೆಯೂ ಇದೆ. ಮಾದಾರ ಚೆನ್ನಯ್ಯನ ಉದ್ದನೆಯ ಅಂಕಿತ ಆರಂಭವಾಗುವುದೇ ಕೈಯುಳಿ, ಕತ್ತಿ, ಅಡಿಗೂಂಟಗಳಿಂದ, ಅಂದರೆ ಚರ್ಮ ಕೊಯ್ದು ಮೆಟ್ಟು ಹೊಲಿಯುವವನ ಸಲಕರಣೆಗಳಿಂದ. ಅಂಬಿಗರ ಚೌಡಯ್ಯ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಎಲ್ಲರೂ ದೇವರ ಹೆಸರಿಡುತ್ತಿದ್ದ ಜಾಗದಲ್ಲಿ ದೋಣಿ ನಡೆಸುವ ಕಸುಬಿನ ಸಮೇತ ತನ್ನ ಹೆಸರನ್ನೇ ಇಟ್ಟ. ಸ್ವಂತ ಹೆಸರಿನಲ್ಲಿ ಬರೆಯುವುದೂ ಒಂದು ನಿಲುವು ಎಂಬುದಕ್ಕೆ ಕನ್ನಡದಲ್ಲಿ ಇದಕ್ಕಿಂತ ದಿಟ್ಟ ಉದಾಹರಣೆ ಸಿಗುವುದು ಕಷ್ಟ.

ಶರಣೆಯರ ಅಂಕಿತಗಳನ್ನು ಸಾಲಾಗಿ ಇಟ್ಟು ನೋಡಿದರೆ ಇನ್ನೊಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಆಯ್ದಕ್ಕಿ ಮಾರಯ್ಯನ ಅಂಕಿತ ‘ಅಮರೇಶ್ವರಲಿಂಗ’. ಅವನ ಹೆಂಡತಿ ಲಕ್ಕಮ್ಮನದು ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’. ಹಡಪದ ಅಪ್ಪಣ್ಣನ ಹೆಂಡತಿ ಲಿಂಗಮ್ಮನದು ‘ಅಪ್ಪಣ್ಣಪ್ರಿಯ ಚೆನ್ನಬಸವಣ್ಣ’. ಉರಿಲಿಂಗಪೆದ್ದಿಯ ಹೆಂಡತಿ ಕಾಳವ್ವೆಯದು ‘ಉರಿಲಿಂಗಪೆದ್ದಿಗಳರಸ’. ದೇವರ ಹೆಸರಿಗೂ ಮೊದಲು ಗಂಡನ ಹೆಸರು. ಇದು ದಾಂಪತ್ಯ ಪ್ರೀತಿಯ ಗುರುತು ಎನ್ನುವವರಿದ್ದಾರೆ, ಇರಲೂಬಹುದು. ಆದರೆ ಅದೇ ಲಕ್ಕಮ್ಮ, ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಅಗತ್ಯಕ್ಕಿಂತ ಹೆಚ್ಚಾಗಿ ಆಯ್ದು ತಂದ ಗಂಡನನ್ನು ಬಾಗಿಲಲ್ಲೇ ತಡೆದು, ಆಸೆ ಬೇಡವೆಂದು ವಾಪಸು ಕಳಿಸಿದವಳು. ಗಂಡನನ್ನು ತಿದ್ದುವ ಅವಳ ವಚನಗಳು ಮುಗಿಯುವುದೂ ಅವನ ಹೆಸರಿನಲ್ಲೇ. ಮಹಾದೇವಿಯಕ್ಕನ ಅಂಕಿತದಲ್ಲಾದರೋ ಯಾವ ಗಂಡಸಿನ ಹೆಸರೂ ಇಲ್ಲ, ಚೆನ್ನಮಲ್ಲಿಕಾರ್ಜುನನೇ ಅವಳ ಗಂಡ.

ಹರಿದಾಸರ ಕಾಲಕ್ಕೆ ಅಂಕಿತ ಕವಿ ತಾನಾಗಿ ಆರಿಸಿಕೊಳ್ಳುವ ವಸ್ತುವಾಗಿ ಉಳಿಯಲಿಲ್ಲ. ಅದು ಗುರುವಿನಿಂದ ಬರಬೇಕು. ಶ್ರೀನಿವಾಸ ನಾಯಕ ಎಂಬ ಸಾಹುಕಾರನಿಗೆ ವ್ಯಾಸರಾಯರು ‘ಪುರಂದರ ವಿಠಲ’ ಎಂಬ ಅಂಕಿತ ಕೊಟ್ಟರು. ವಿಜಯದಾಸರು ಶಿಷ್ಯ ಭಾಗಣ್ಣನಿಗೆ ಕೊಟ್ಟ ಅಂಕಿತ ‘ಗೋಪಾಲವಿಠಲ’. ಅಂಕಿತ ಸಿಕ್ಕಿತೆಂದರೆ ಹಾಡು ಕಟ್ಟಲು ಅಪ್ಪಣೆ ಸಿಕ್ಕಂತೆ. ಮುಂದೆ ಸಂತ ಶಿಶುನಾಳ ಶರೀಫರು ಗುರು ಗೋವಿಂದ ಭಟ್ಟರ ನೆರಳಲ್ಲಿ ಹಾಡಿದಾಗ ಊರ ದೇವರನ್ನೇ ಅಂಕಿತ ಮಾಡಿಕೊಂಡು ‘ಶಿಶುನಾಳಧೀಶ’ ಎಂದರು. ಮುಸಲ್ಮಾನ ಮನೆಯ ಹುಡುಗ, ಬ್ರಾಹ್ಮಣ ಗುರು, ಬಸವಣ್ಣನ ಗುಡಿ: ಮೂರೂ ಆ ಒಂದು ಹೆಸರಿನಲ್ಲಿ ಸೇರಿಕೊಂಡವು.

ಅಚ್ಚಿನ ಯಂತ್ರ ಬಂದ ಮೇಲೆ ಪದ್ಯದ ಕೊನೆಯಲ್ಲಿದ್ದ ಹೆಸರು ಪುಸ್ತಕದ ಮೊದಲ ಪುಟಕ್ಕೆ ಬಂತು. ಆ ಹೊಸ್ತಿಲ ಮೇಲೆ ನಿಂತವನು ಉಡುಪಿಯ ಒಬ್ಬ ಡ್ರಿಲ್ ಮಾಸ್ತರ.

ನಂದಳಿಕೆಯ ಲಕ್ಷ್ಮೀನಾರಣಪ್ಪ ಹುಟ್ಟಿದ್ದು 1870ರಲ್ಲಿ, ಬಡತನದ ಮನೆಯಲ್ಲಿ. ಓದು ಹೆಚ್ಚು ಮುಂದುವರಿಯಲಿಲ್ಲ. ವ್ಯಾಯಾಮ ಶಿಕ್ಷಣದ ತರಬೇತಿ ಪಡೆದು ಶಾಲೆಯಲ್ಲಿ ಮಕ್ಕಳಿಗೆ ಕವಾಯತು ಹೇಳಿಕೊಡುವ ಕೆಲಸ ಹಿಡಿದ. ಹಗಲಿಗೆ ಮೈದಾನ, ರಾತ್ರಿಗೆ ಹಳಗನ್ನಡ. ಯಕ್ಷಗಾನ ಪ್ರಸಂಗ ಬರೆದ, ಆಮೇಲೆ ‘ಅದ್ಭುತ ರಾಮಾಯಣ’, ‘ಶ್ರೀರಾಮ ಪಟ್ಟಾಭಿಷೇಕ’, ‘ಶ್ರೀರಾಮಾಶ್ವಮೇಧ’ ಬರೆದ. ಹಳೆಯ ಕೃತಿಗಳನ್ನು ಹುಡುಕಿ ಪ್ರಕಟಿಸುತ್ತಿದ್ದ ಮೈಸೂರಿನ ಕಾವ್ಯಮಾಲೆಗೆ ಅವುಗಳನ್ನು ಕಳಿಸುವಾಗ ಇದು ತನ್ನದೆಂದು ಹೇಳಲಿಲ್ಲ. ಹಿಂದಿನ ಕಾಲದ ಕವಿಯ ಕೃತಿ ತನಗೆ ದೊರೆತಿದೆ ಎಂಬಂತೆ ಕಳಿಸಿದ; ‘ಶ್ರೀರಾಮಾಶ್ವಮೇಧ’ಕ್ಕೆ ಇಟ್ಟ ಕವಿಯ ಹೆಸರು ಮುದ್ದಣ. ಮುದ್ದಣ ಎಂಬುದು ಮನೆಯಲ್ಲಿ ಅವನನ್ನು ಕರೆಯುತ್ತಿದ್ದ ಹೆಸರು. ಹಳಗನ್ನಡವನ್ನು ಅರೆದು ಕುಡಿದ ಸಂಪಾದಕರೂ ಅದನ್ನು ಪ್ರಾಚೀನ ಕೃತಿಯೆಂದೇ ನಂಬಿ ಅಚ್ಚು ಹಾಕಿದರು.

ಯಾಕೆ ಹಾಗೆ ಮಾಡಿದ? ಕರಾವಳಿಯ ಮೂಲೆಯ ಡ್ರಿಲ್ ಮಾಸ್ತರನೊಬ್ಬ ಹಳಗನ್ನಡ ಗದ್ಯದಲ್ಲಿ ಕಾವ್ಯ ಬರೆದರೆ ಮೈಸೂರಿನ ಪಂಡಿತರು ತೆರೆದು ನೋಡುತ್ತಾರೆಂಬ ನಂಬಿಕೆ ಅವನಿಗೆ ಇರಲಾರದು. ಸಾಮಾನ್ಯವಾಗಿ ಮರೆಹೆಸರು ಬರೆದವನನ್ನು ಮರೆಸುತ್ತದೆ; ಇಲ್ಲಿ ಅದು ಬರೆದ ಕಾಲವನ್ನೇ ಮರೆಸಿತು. ಆದರೂ ಗುಟ್ಟು ಕೃತಿಯೊಳಗೇ ಇಣುಕುತ್ತಿತ್ತು. ‘ರಾಮಾಶ್ವಮೇಧ’ದಲ್ಲಿ ಕಥೆ ಹೇಳುವ ಮುದ್ದಣ, ಕೇಳುವ ಹೆಂಡತಿ ಮನೋರಮೆ. ಮಳೆಗಾಲದ ಸಂಜೆ ಅವಳು ಗಂಡನನ್ನು ಛೇಡಿಸುತ್ತಾಳೆ, ಪದ್ಯ ಬೇಡ ಗದ್ಯದಲ್ಲಿ ಹೇಳು ಎನ್ನುತ್ತಾಳೆ, ಸಂಸ್ಕೃತ ತುಂಬಿದರೆ ಮುಖ ಸಿಂಡರಿಸುತ್ತಾಳೆ. ಹೊಸಗಾಲದ ಗೃಹಸ್ಥನ ಮನೆಯ ಸಲಿಗೆ ಅದು. ಹಳೆಯ ಯಾವ ಕಾವ್ಯದಲ್ಲೂ ಗಂಡ ಹೆಂಡತಿ ಹೀಗೆ ಮಾತಾಡಿರಲಿಲ್ಲ. ಕ್ಷಯ ಹಿಡಿದು 1901ರಲ್ಲಿ, ಮೂವತ್ತೊಂದನೆಯ ವಯಸ್ಸಿಗೆ ಲಕ್ಷ್ಮೀನಾರಣಪ್ಪ ತೀರಿಕೊಂಡ. ಮುದ್ದಣ ಅವನೇ ಎಂಬುದು ಕನ್ನಡ ನಾಡಿಗೆ ತಿಳಿದದ್ದು ಆಮೇಲೆ. ಇಂದು ಹೊಸಗನ್ನಡದ ಮುಂಗೋಳಿ ಎಂದು ಅವನನ್ನು ಕರೆಯುತ್ತಾರೆ. ಆ ಹೊಗಳಿಕೆಯ ಒಂದು ಅಕ್ಷರವೂ ಅವನ ಕಿವಿಗೆ ಬೀಳಲಿಲ್ಲ. ಕನ್ನಡದ ಕಾವ್ಯನಾಮಗಳ ಚರಿತ್ರೆಯಲ್ಲಿ ಇದಕ್ಕಿಂತ ನೋವಿನ ಅಧ್ಯಾಯ ಇನ್ನೊಂದೇ ಇದೆ, ಅದು ಮುಂದೆ ಬರುತ್ತದೆ.

ಮುದ್ದಣನ ನಂತರದ ದಶಕಗಳಲ್ಲಿ ಕಾವ್ಯನಾಮ ಸಂಭ್ರಮದ ವಿಷಯವಾಯಿತು. ಮಕ್ಕಳಿಗೆ ಪದ್ಯ ಬರೆದ ಪಂಜೆ ಮಂಗೇಶರಾಯರು ವಿನಯದಿಂದ ‘ಕವಿಶಿಷ್ಯ’ರಾದರು. ವೆಂಕಟೇಶ ತಿರಕೋ ಕುಲಕರ್ಣಿ ತಮ್ಮ ಊರಿನ ಹೆಸರನ್ನೇ ಹೊತ್ತು ‘ಗಳಗನಾಥ’ರಾದರು, ತಮ್ಮ ಕಾದಂಬರಿಗಳ ಗಂಟನ್ನೂ ಹೊತ್ತು ಊರೂರು ಅಲೆದು ಮಾರಿದರು. ಮೈಸೂರು ಸರ್ಕಾರದಲ್ಲಿ ಅಧಿಕಾರಿಯಾಗಿದ್ದ ಮಾಸ್ತಿ ವೆಂಕಟೇಶ ಅಯ್ಯಂಗಾರ್ ಕಥೆ ಬರೆಯುವಾಗ ‘ಶ್ರೀನಿವಾಸ’. ಕಡತಕ್ಕೆ ಸಹಿ ಹಾಕುವ ಹೆಸರು ಬೇರೆ, ಕಥೆಗೆ ಇಡುವ ಹೆಸರು ಬೇರೆ. ಧಾರವಾಡದ ಕಾಲೇಜಿನಲ್ಲಿ ಸಂಸ್ಕೃತ ಕಲಿಸುತ್ತಿದ್ದ ಆದ್ಯ ರಂಗಾಚಾರ್ಯರು ರಂಗಭೂಮಿಗೆ ‘ಶ್ರೀರಂಗ’ರಾಗಿ ಬಂದು ಸಂಪ್ರದಾಯಸ್ಥರನ್ನು ಕೆರಳಿಸಿದರು.

ಧಾರವಾಡದ ಗೆಳೆಯರ ಗುಂಪಿನಲ್ಲಂತೂ ಕಾವ್ಯನಾಮ ಇಲ್ಲದವರನ್ನು ಹುಡುಕಬೇಕು. ವಿ. ಕೃ. ಗೋಕಾಕರು ‘ವಿನಾಯಕ’, ರಂ. ಶ್ರೀ. ಮುಗಳಿಯವರು ‘ರಸಿಕರಂಗ’, ಬೆಟಗೇರಿ ಕೃಷ್ಣಶರ್ಮರು ‘ಆನಂದಕಂದ’. ಹಲಸಂಗಿಯ ಚೆನ್ನಮಲ್ಲಪ್ಪ ಗಲಗಲಿಯವರು ‘ಮಧುರಚೆನ್ನ’. ಇವುಗಳಲ್ಲಿ ಹೆಚ್ಚಿನವು ತೆಳುಪರದೆಗಳು. ಗೋಕಾಕರ ಹೆಸರೇ ವಿನಾಯಕ, ಮುಗಳಿಯವರ ಹೆಸರೇ ರಂಗನಾಥ. ಬಚ್ಚಿಟ್ಟುಕೊಳ್ಳುವ ಉದ್ದೇಶ ಯಾರಿಗೂ ಇದ್ದಂತಿಲ್ಲ. ಹೊಸ ಕಾವ್ಯಕ್ಕೆ ಹೊಸ ದೀಕ್ಷೆ ಬೇಕು, ದೀಕ್ಷೆಯೊಡನೆ ಹೆಸರು ಬರಬೇಕು ಎಂಬ ಹಳೆಯ ಹರಿದಾಸರ ನಂಬಿಕೆಯೇ ಇಂಗ್ಲಿಷ್ ಓದಿದ ಈ ತರುಣರಲ್ಲೂ ಕೆಲಸ ಮಾಡಿದೆ ಎನಿಸುತ್ತದೆ.

ಆ ನಂಬಿಕೆ ಎಲ್ಲಕ್ಕಿಂತ ಆಳಕ್ಕಿಳಿದದ್ದು ಬೇಂದ್ರೆಯವರಲ್ಲಿ. ತಂದೆ ಚಿಕ್ಕಂದಿನಲ್ಲೇ ಹೋದರು. ಬೆಳೆಸಿದವರು ಅಜ್ಜಿ ಮತ್ತು ತಾಯಿ. ದತ್ತಾತ್ರೇಯ ರಾಮಚಂದ್ರ ಬೇಂದ್ರೆ ಎಂಬ ಹೆಸರಿನೊಳಗೆ ತಂದೆ ಇದ್ದಾರೆ, ತಾಯಿ ಇಲ್ಲ. ಕವಿತೆಗೆ ಆರಿಸಿಕೊಂಡ ‘ಅಂಬಿಕಾತನಯದತ್ತ’ದಲ್ಲಿ ತಾಯಿ ಮೊದಲು, ಮಗ ಆಮೇಲೆ. ರನ್ನನೇನೋ ತಾಯಿಯ ಹೆಸರನ್ನು ಕಾವ್ಯದೊಳಗೆ ಹೇಳಿದ್ದ, ಬೇಂದ್ರೆ ಅದನ್ನು ತಮ್ಮ ಹೆಸರಿನೊಳಗೇ ತಂದರು. ಅಂಬಿಕಾತನಯದತ್ತನೇ ಬೇರೆ, ಬೇಂದ್ರೆಯೇ ಬೇರೆ ಎಂದು ಅವರು ಜೀವನವಿಡೀ ಹೇಳಿದರು: ಒಳಗಿನ ಅವನು ನುಡಿದದ್ದನ್ನು ಹೊರಗಿನ ಇವನು ಕನ್ನಡದಲ್ಲಿ ಬರೆದಿಟ್ಟ, ಅಷ್ಟೆ. ಬ್ರಿಟಿಷ್ ಸರ್ಕಾರಕ್ಕೆ ಆ ವ್ಯತ್ಯಾಸ ತಿಳಿಯಲಿಲ್ಲ. ‘ನರಬಲಿ’ ಕವಿತೆಗಾಗಿ ಹಿಂಡಲಗಿ ಜೈಲಿಗೆ ಹೋದದ್ದು, ಆಮೇಲೆ ಮುಗದ ಗ್ರಾಮದಲ್ಲಿ ನಿರ್ಬಂಧದಲ್ಲಿದ್ದದ್ದು ಮೇಷ್ಟ್ರು ಬೇಂದ್ರೆಯವರೇ.

ಹಳೆ ಮೈಸೂರಿನ ಕಡೆ ಇನ್ನೊಂದು ರೀತಿ ಬೆಳೆಯಿತು. ಊರು, ಅಪ್ಪ, ತಾನು: ಮೂರರ ಮೊದಲಕ್ಷರ ಕೂಡಿಸಿದರೆ ಹೆಸರು ರೆಡಿ. ಮೊದಮೊದಲು ‘ಕಿಶೋರಚಂದ್ರವಾಣಿ’ ಎಂಬ ಲಲಿತವಾದ ಹೆಸರಿಟ್ಟುಕೊಂಡಿದ್ದ ಕುಪ್ಪಳಿಯ ಹುಡುಗ ಪುಟ್ಟಪ್ಪ, ಆಮೇಲೆ ಅದನ್ನು ಬಿಟ್ಟು ‘ಕುವೆಂಪು’ ಆದರು. ಅ.ನ.ಕೃ., ತ.ರಾ.ಸು., ಪು.ತಿ.ನ., ತೀ.ನಂ.ಶ್ರೀ., ವಿ.ಸೀ. ಎಲ್ಲರದೂ ಹೆಚ್ಚುಕಡಿಮೆ ಇದೇ ಬಗೆ. ನೋಡಲು ಉಳಿತಾಯದ ಲೆಕ್ಕ. ಪರಿಣಾಮ ಮಾತ್ರ ದೊಡ್ಡದು. ಗೌಡ, ರಾವ್, ಆಚಾರ್, ಅಯ್ಯ, ಅಯ್ಯಂಗಾರ್ ಎಂಬ ಬಾಲಗಳೆಲ್ಲ ಚುಕ್ಕಿಗಳ ನಡುವೆ ಉದುರಿಹೋದವು. ಕುವೆಂಪು ಎಂಬ ಮೂರಕ್ಷರದಲ್ಲಿ ಜಾತಿಯ ಸುಳಿವಿಲ್ಲ, ಊರಿನ ಸುಳಿವಿದೆ. ಮನುಜಮತದ ಮಾತಾಡಿದ ಕವಿಗೆ ಇದಕ್ಕಿಂತ ಒಪ್ಪುವ ಹೆಸರು ಸಿಗುತ್ತಿರಲಿಲ್ಲ.

ಅಚ್ಚಿನ ಕಾಲಕ್ಕೆ ಬಂದ ಮೇಲೆ ಇಷ್ಟು ಹೊತ್ತೂ ಗಂಡಸರ ಮಾತಾಯಿತು. ಅವರಿಗೆ ಕಾವ್ಯನಾಮ ಆಯ್ಕೆಯಾಗಿತ್ತು. ಹೆಂಗಸರ ಕಥೆ ಅಷ್ಟು ಸರಳವಲ್ಲ.

ಬಾಲವಿಧವೆಯಾಗಿದ್ದ ನಂಜನಗೂಡು ತಿರುಮಲಾಂಬಾ 1910ರ ದಶಕದಲ್ಲಿ ಕಾದಂಬರಿ ಬರೆದರು, ‘ಸತೀ ಹಿತೈಷಿಣಿ’ ಗ್ರಂಥಮಾಲೆ ಕಟ್ಟಿ ತಾವೇ ಪ್ರಕಟಿಸಿದರು, ‘ಕರ್ನಾಟಕ ನಂದಿನಿ’ ಪತ್ರಿಕೆ ನಡೆಸಿದರು. ಎಲ್ಲವೂ ಸ್ವಂತ ಹೆಸರಿನಲ್ಲಿ. ಆ ಕಾಲಕ್ಕೆ ಇದು ಸಣ್ಣ ಧೈರ್ಯವಲ್ಲ. ಎರಡು ದಶಕದ ನಂತರ ಕೊಡಗಿನಿಂದ ಸಣ್ಣಕಥೆಗಳು ಬರತೊಡಗಿದವು. ವಿಧವೆಯರ ಸಂಕಟ, ಜಾತಿ ದಾಟುವ ಪ್ರೀತಿ, ಗಂಡಸಿನ ಮೋಸ, ಎಲ್ಲವನ್ನೂ ದನಿಯೆತ್ತದೆ ಹೇಳುವ ಕಥೆಗಳು. ಕೆಳಗೆ ಹೆಸರು: ‘ಮಿಸೆಸ್ ಬಿ.ಟಿ.ಜಿ. ಕೃಷ್ಣ’.

ಬಿ.ಟಿ. ಗೋಪಾಲಕೃಷ್ಣ ಎಂಬುದು ಗಂಡನ ಹೆಸರು. ಬರೆಯುತ್ತಿದ್ದವಳು ಗೌರಮ್ಮ, 1912ರಲ್ಲಿ ಹುಟ್ಟಿದವಳು. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ, ತನ್ನ ಮನೆಗೆ ಬರಲೇಬೇಕೆಂದು ಉಪವಾಸ ಕೂತು, ಬಂದ ಮೇಲೆ ಮೈಮೇಲಿನ ಒಡವೆಗಳನ್ನು ಹರಿಜನ ನಿಧಿಗೆ ಕೊಟ್ಟವಳು. ಅಷ್ಟು ಗಟ್ಟಿಗಿತ್ತಿಗೂ ಪತ್ರಿಕೆಯ ಪುಟದಲ್ಲಿ ತನ್ನದೆನ್ನುವ ಒಂದಕ್ಷರ ಇರಲಿಲ್ಲ. ಮಾರಯ್ಯಪ್ರಿಯಳಿಂದ ಮಿಸೆಸ್‌ವರೆಗೆ ಸುಮಾರು ಎಂಟು ಶತಮಾನ ಕಳೆದರೂ ಹೆಸರಿನ ಜಾಗದಲ್ಲಿ ಗಂಡನೇ ನಿಂತಿದ್ದ. ಲಕ್ಕಮ್ಮನ ಅಂಕಿತದಲ್ಲಾದರೂ ಅವಳ ದೇವರು ಜೊತೆಗಿದ್ದ. 1939ರ ಏಪ್ರಿಲಿನಲ್ಲಿ ಗೌರಮ್ಮ ಹೊಳೆಯ ಸುಳಿಗೆ ಸಿಕ್ಕಿ ತೀರಿಕೊಂಡರು, ಆಗಿನ್ನೂ ಇಪ್ಪತ್ತೇಳು. ‘ಕಂಬನಿ’, ‘ಚಿಗುರು’ ಸಂಕಲನಗಳು ಓದುಗರ ಕೈ ಸೇರಿದ ಮೇಲೆ ಕನ್ನಡ ಆಕೆಯನ್ನು ಕರೆದದ್ದು ‘ಕೊಡಗಿನ ಗೌರಮ್ಮ’ ಎಂದು. ತನ್ನ ಹೆಸರು, ತನ್ನ ನಾಡು. ಬದುಕಿದ್ದಾಗ ದಕ್ಕದ ಈ ಹೆಸರನ್ನು ಆಕೆಗೆ ಕೊಟ್ಟವರು ಓದುಗರು.

ಸ್ವಾತಂತ್ರ್ಯ ಬಂದ ನಂತರದ ಲೇಖಕಿಯರು ಒಂದು ದಾರಿ ಕಂಡುಕೊಂಡರು. ಬಿ.ಎನ್. ಸುಬ್ಬಮ್ಮ ‘ವಾಣಿ’ಯಾದರು. ತೊಟ್ಟಿಲಲ್ಲಿ ಭಾಗೀರಥಿ, ಶಾಲೆಯ ದಾಖಲೆಯಲ್ಲಿ ಅನಸೂಯಾ, ಮದುವೆಯ ಮೇಲೆ ಅನಸೂಯಾ ಶಂಕರ್ ಆಗಿದ್ದ ಮೈಸೂರಿನ ಯುವತಿ ‘ತ್ರಿವೇಣಿ’ಯಾದರು. ಮನಶ್ಶಾಸ್ತ್ರ ಓದಿದ ಈಕೆ ‘ಶರಪಂಜರ’, ‘ಬೆಕ್ಕಿನ ಕಣ್ಣು’ ಕಾದಂಬರಿಗಳಲ್ಲಿ ಹೆಣ್ಣಿನ ಮನೋರೋಗವನ್ನು, ಅದನ್ನು ಹುಟ್ಟಿಸುವ ಮನೆಯನ್ನು ಬಿಚ್ಚಿಟ್ಟರು. ವಾಣಿ, ತ್ರಿವೇಣಿ, ಇದೇ ಸಾಲಿನ ಅಶ್ವಿನಿ: ಒಂದೇ ಪದದ ಹೆಸರುಗಳು. ಹಿಂದೆ ಅಪ್ಪನ ಇನಿಷಿಯಲ್ ಇಲ್ಲ, ಮುಂದೆ ಗಂಡನ ಹೆಸರಿಲ್ಲ. ಕಾವ್ಯನಾಮ ಎಂದರೆ ಅಡಗಿಕೊಳ್ಳುವುದು ಎಂದು ತಿಳಿದವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಆ ಹೆಣ್ಣುಮಕ್ಕಳು ಯಾರ ಮಗಳೂ, ಯಾರ ಹೆಂಡತಿಯೂ ಆಗದೆ ಮುಖಪುಟದ ಮೇಲೆ ಒಬ್ಬರೇ ನಿಂತದ್ದು ಇಟ್ಟುಕೊಂಡ ಹೆಸರಿನಿಂದಲೇ.

ಕುಂದಾಪುರದ ವಾಸಂತಿಯ ಕಥೆ ಬೇರೆ. ಕಥೆಯೊಂದನ್ನು ‘ಸುಧಾ’ ವಾರಪತ್ರಿಕೆಗೆ ಕಳಿಸಿದ ಮೇಲೆ ಅವರಿಗೆ ಅಳುಕು ಹುಟ್ಟಿತು. ಅದರಲ್ಲಿದ್ದದ್ದು ನಿಜವಾಗಿ ನಡೆದ ಸಂಗತಿ. ಕಂಡವರು ಗುರುತು ಹಿಡಿದರೆ? ಪ್ರಕಟಿಸಬೇಡಿ ಎಂದು ಬರೆದರು. ಸಂಪಾದಕರು ಕಥೆಯನ್ನು ಬಿಡಲಿಲ್ಲ, ಹೆಸರನ್ನು ಮಾತ್ರ ಬದಲಿಸಿ ‘ವೈದೇಹಿ’ ಎಂದು ಅಚ್ಚು ಹಾಕಿದರು. ಸಂಪಾದಕರ ಮೇಜಿನ ಮೇಲೆ ಹುಟ್ಟಿದ ಆ ಹೆಸರಿಗೆ 2009ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮದುವೆಯಲ್ಲಿ ಅವರಿಗೆ ಬಂದ ಹೆಸರು ಜಾನಕಿ. ಗಂಡನ ಮನೆ ಕೊಟ್ಟದ್ದೂ ಪತ್ರಿಕೆ ಕೊಟ್ಟದ್ದೂ ಸೀತೆಯ ಹೆಸರೇ.

ಗಂಡಸರು ಹೆಣ್ಣಿನ ದನಿ ತೊಟ್ಟದ್ದೂ ಉಂಟು. ಪಿ. ಲಂಕೇಶ್ ತಮ್ಮ ಪತ್ರಿಕೆಯಲ್ಲಿ ‘ನೀಲು’ವಿನ ಪುಟ್ಟ ಪದ್ಯಗಳನ್ನು ವಾರವಾರ ಹಾಕಿದಾಗ ಆ ತುಂಟ, ವಿಷಾದದ ಹುಡುಗಿ ಯಾರೆಂದು ಓದುಗರು ಊಹಿಸುತ್ತಾ ಕೂತರು. ಸಂಪಾದಕೀಯ ಬರೆಯುವಾಗ ಬೆಂಕಿಯಾಗುತ್ತಿದ್ದ ಮನುಷ್ಯನಿಗೆ ಮೆಲುದನಿಯಲ್ಲಿ ಮಾತಾಡಲು ಆ ಹೆಸರೇ ಬೇಕಾಯಿತು.

ಕಾವ್ಯನಾಮವೊಂದು ಮನೆತನದ ಹೆಸರೇ ಆಗಿಬಿಟ್ಟ ಪ್ರಸಂಗವೂ ಇದೆ. ಕುಳಕುಂದ ಶಿವರಾಯ ಮೊದಲು ‘ಕಿಶೋರ’ ಎಂದು ಬರೆದು, ಆಮೇಲೆ ‘ನಿರಂಜನ’ರಾದರು, ಕಯ್ಯೂರಿನ ರೈತರ ಹೋರಾಟವನ್ನು ‘ಚಿರಸ್ಮರಣೆ’ಯಾಗಿ ಬರೆದದ್ದು ಆ ಹೆಸರಿನಲ್ಲೇ. ಅವರ ಕೈಹಿಡಿದ ವೈದ್ಯೆ ವೆಂಕಟಲಕ್ಷ್ಮಿ ‘ಅನುಪಮಾ ನಿರಂಜನ’ರಾಗಿ ಕಾದಂಬರಿಗಳನ್ನೂ ಮಕ್ಕಳಿಗೆ ‘ದಿನಕ್ಕೊಂದು ಕಥೆ’ಯನ್ನೂ ಬರೆದರು. ಮಗಳು, ವಿದ್ವಾಂಸೆ ತೇಜಸ್ವಿನಿಯವರ ಹೆಸರಿನ ಮುಂದೆಯೂ ನಿರಂಜನ ಇದೆ. ಹುಟ್ಟಿನಿಂದ ಬಂದ ಕುಲದ ಹೆಸರಿನ ಜಾಗಕ್ಕೆ, ಬರೆಯುವಾಗ ಆರಿಸಿಕೊಂಡ ಹೆಸರು ಬಂದು ಕೂತಿತು.

1970ರ ದಶಕ ಕಾಲಿಟ್ಟಾಗ ಕಾವ್ಯನಾಮದ ಹುಮ್ಮಸ್ಸು ತಗ್ಗಿತು. ನವ್ಯರಿಗೇ ಅದು ಹಳೆಯ ಕಾಲದ ಅಲಂಕಾರವಾಗಿ ಕಂಡಿತ್ತು. ದಲಿತ, ಬಂಡಾಯ ಲೇಖಕರಿಗೆ ಅದರಿಂದ ಉಪಯೋಗವೇ ಇರಲಿಲ್ಲ. ಕಾಗದದಲ್ಲಿ ಬರುವುದಿರಲಿ, ಎದುರಿಗೆ ಬಂದಾಗಲೂ ಹೆಸರು ಹಿಡಿದು ಕರೆಸಿಕೊಳ್ಳದ ಜನ ಅವರು. ‘ಹೊಲೆಮಾದಿಗರ ಹಾಡು’ 1975ರಲ್ಲಿ ಬಂದಾಗ ಮುಖಪುಟದಲ್ಲಿ ಸಿದ್ಧಲಿಂಗಯ್ಯ ಎಂಬ ಹೆಸರು ಇದ್ದ ಹಾಗೆಯೇ ಇತ್ತು. ದೇವನೂರ ಮಹಾದೇವ ಊರನ್ನು ಹೆಸರಿನ ಮುಂದೆ ಇಟ್ಟುಕೊಂಡರು; ಗಳಗನಾಥರ ಹಾಗೆ ಅದರೊಳಗೆ ಕರಗಲಿಲ್ಲ. ಮರೆಯ ಅಗತ್ಯ ಯಾರಿಗಿದೆಯೋ ಅವರೇ ಅದನ್ನು ಬೇಡವೆಂದದ್ದು ಅಂಬಿಗರ ಚೌಡಯ್ಯನ ದಾರಿ.

1980ರ ದಶಕದ ಆರಂಭದಲ್ಲಿ ಲಂಕೇಶ್ ಪತ್ರಿಕೆಯಲ್ಲೇ ‘ಚಂದ್ರಗಿರಿಯ ತೀರದಲ್ಲಿ’ ಧಾರಾವಾಹಿಯಾಗಿ ಬಂತು. ತಲಾಖಿನ ಬಲೆಗೆ ಸಿಕ್ಕ ನಾದಿರಾಳ ಕಥೆ, ಕನ್ನಡದಲ್ಲಿ ಅಲ್ಲಿಯವರೆಗೆ ಯಾರೂ ಹೇಳದ ಕಥೆ. ಕಾಸರಗೋಡಿನ ಮುಸ್ಲಿಂ ಹೆಣ್ಣುಮಗಳೊಬ್ಬಳು ಮರೆಹೆಸರು ಬೇಕೆಂದಿದ್ದರೆ ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಆಕೆ ಬರೆದದ್ದು ಸಾರಾ ಅಬೂಬಕ್ಕರ್ ಎಂದೇ. ಅದರ ಅರ್ಧ ಗಂಡನ ಹೆಸರು, ನಿಜ; ಲಕ್ಕಮ್ಮನ ಅಂಕಿತದ ಹಾಗೆ. ಆದರೆ ‘ಸಾರಾ’ ಮೊದಲಿಗಿದೆ. ವಿರೋಧ ಬಂತು, ಬೆದರಿಕೆ ಬಂತು, ಆಕೆ ಬರೆಯುವುದನ್ನು ನಿಲ್ಲಿಸಲಿಲ್ಲ. ಮುಂದೆ ಮಂಗಳೂರಿನಲ್ಲಿ ‘ಚಂದ್ರಗಿರಿ ಪ್ರಕಾಶನ’ ಆರಂಭಿಸಿ, ನಂಜನಗೂಡಿನ ತಿರುಮಲಾಂಬಾ ಮಾಡಿದ್ದಂತೆ, ತಮ್ಮ ಪುಸ್ತಕಗಳನ್ನು ತಾವೇ ಅಚ್ಚು ಹಾಕಿಸಿದರು.